ಮಾಸ್ತರರ ಇಪ್ಪತ್ತನೆಯ ತಲೆ

ಮೊನ್ನೆ ನಮ್ಮ ಬಿಲ್ಡಿಂಗಿನ ಪಂಪು ಕೆಟ್ಟು ಎರಡು ದಿನ ನಲ್ಲಿಯಲ್ಲಿ ನೀರಿಲ್ಲ. ನಮ್ಮನೆಯವರು ಕೆಳಗಿನಿಂದ ಎರಡನೆಯ ಮಾಳಿಗೆಗೆ ಒಂದು ಬಕೆಟ್ ನೀರು ಹೊತ್ತು ತಂದರು. ತಂದದ್ದು ಒಂದೇ ಬಕೆಟ್ಟು, ಅದೂ ಮುಕ್ಕಾಲು. ಅದನ್ನು ನಡುಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ಸೋಫಾದ ಮೇಲೆ ಒರಗಿ, ಏದುಸಿರು ಬಿಡುತ್ತಲೇ ಇಬ್ಬರು ಸ್ನೇಹಿತರಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದರು. ಗಂಗೆಯನ್ನು ತಂದ ಭಗೀರಥನಾದರೂ ಇಷ್ಟು ಡಂಗುರ ಹೊಡೆಸಿರಲಿಕ್ಕಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ವಾಮನರಾವ್ ಮಾಸ್ತರರು ದಿನಕ್ಕೆ ಹದಿನಾಲ್ಕು ಕೊಡ ಹೊರುತ್ತಿದ್ದರು" ಎಂದುಬಿಟ್ಟೆ.

"ಆ ಪುಣ್ಯಾತ್ಮನನ್ನೇ ಮದುವೆಯಾಗಬೇಕಿತ್ತು ನೀನು" ಎಂದರು ಇವರು.

ಆಗಲಿಕ್ಕೆ ಬರುವಂತಿರಲಿಲ್ಲ. ನನಗೆ ಆಗ ಹನ್ನೆರಡು ವರ್ಷ. ಮಾಸ್ತರರಿಗೆ ಆಗಲೇ ಒಬ್ಬ ಹೆಂಡತಿ, ಮೂವರು ಹೆಣ್ಣುಮಕ್ಕಳು, ಮತ್ತು ತಲೆಯ ಮೇಲೊಂದು ಕರೀ ಟೊಪ್ಪಿಗೆ. ವಡಾಲದ ನಮ್ಮ ಚಾಳಿನಲ್ಲಿ ನಮ್ಮದು ಎರಡನೆಯ ಮಾಳಿಗೆ, ಅವರದು ಮೂರನೆಯದು. ಬೆಳಗಿನ ಜಾವ ಕೆಳಗಿನ ನಲ್ಲಿಯಲ್ಲಿ ನೀರು ಬಿಡುತ್ತಿದ್ದರು. ಅಲ್ಲಿ ಹೆಂಗಸರ ಸಾಲು. ಆ ಸಾಲಿನಲ್ಲಿ ಧೋತರ ಎತ್ತಿ ಕಟ್ಟಿ, ಹೆಗಲ ಮೇಲೆ ಕೊಡ ಇಟ್ಟುಕೊಂಡು ನಿಂತ ಒಬ್ಬನೇ ಒಬ್ಬ ಗಂಡಸು ಎಂದರೆ ವಾಮನರಾವ್ ಮಾಸ್ತರರು. ನೀರಾದ ಮೇಲೆ ಮಕ್ಕಳ ಜಡೆ. ಹೆಣೆದ ಜಡೆ ಗೆರೆ ಎಳೆದ ಹಾಗೆ ನೆಟ್ಟಗೆ ಇರುತ್ತಿತ್ತು. ಶುಕ್ರವಾರ ಸಂಜೆ ಸ್ಟೇಷನ್ನಿನ ಹತ್ತಿರದಿಂದ ಹೆಂಡತಿಗೆ ಮೊಗ್ಗಿನ ಗಜರೆ ತರುತ್ತಿದ್ದರು. ಕಾಗದದಲ್ಲಿ ಸುತ್ತಿ ಬಚ್ಚಿಟ್ಟು ತಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವರು ಕೈಯಲ್ಲಿ ಹಿಡಿದು, ಮೂರು ಮಾಳಿಗೆಯ ಹೆಂಗಸರು ನೋಡುವ ಹಾಗೆ ಮೆಟ್ಟಿಲು ಹತ್ತುತ್ತಿದ್ದರು. ಆ ಶುಕ್ರವಾರಗಳಂದು ನಮ್ಮ ಚಾಳಿನಲ್ಲಿ ಎಷ್ಟು ಮನೆಗಳಲ್ಲಿ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತೋ ದೇವರೇ ಬಲ್ಲ. ಗಂಡಸರೆಲ್ಲ ಅವರನ್ನು 'ಹೆಂಡತಿಯ ಗುಲಾಮ' ಎನ್ನುತ್ತಿದ್ದರು. ಅವರ ಹೆಂಡತಿಗೆ ದಮ್ಮು, ಎರಡು ಮೆಟ್ಟಿಲು ಹತ್ತಿದರೆ ಎದೆ ಸಿಳ್ಳು ಹಾಕುತ್ತಿತ್ತು ಎಂಬುದು ಚಾಳಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅನ್ನುತ್ತಿದ್ದರು.

ನನ್ನ ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದರು. ಬಂದವರಿಗೆಲ್ಲ "ನಮಸ್ಕಾರ, ಬನ್ನಿ ಬನ್ನಿ" ಎಂದು ಇಡೀ ದಿನ ನಗುವುದು ಅವರ ಕೆಲಸ. ಮನೆಗೆ ಬರುವಾಗ ನಗು ಖಾಲಿಯಾಗಿರುತ್ತಿತ್ತು. "ಆ ಮಾಸ್ಟ್ರನ್ನು ನೋಡಿಯಾದರೂ ಕಲೀಲಿಕ್ಕಾಗುದಿಲ್ವಾ ನಿಮಗೆ?" ಎಂದು ಅಮ್ಮ ಕೇಳಿದರೆ, "ಕಲಿಸುದು ಅವರ ಉದ್ಯೋಗ, ನನ್ನದಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಇನ್ನು ನಮ್ಮ ಶಾಲೆ. ಶಾಲೆ ಎಂದರೆ ಬಯಲು, ಗಂಟೆ, ಧ್ವಜ ಎಂದು ನೀವು ಕಲ್ಪಿಸಿಕೊಂಡರೆ ಅದಕ್ಕೆ ನಾನು ಜವಾಬ್ದಾರಳಲ್ಲ. ಒಂದು ಹಿಟ್ಟಿನ ಗಿರಣಿಯ ಮೇಲೆ ನಾಲ್ಕು ಕೋಣೆ. ಕೆಳಗೆ ಗಿರಣಿ ಶುರುವಾದರೆ ಮೇಲೆ ನಮ್ಮ ಬೆಂಚು, ಬೋರ್ಡು, ಮಗ್ಗಿ ಎಲ್ಲ ಒಟ್ಟಿಗೆ ನಡುಗುತ್ತಿದ್ದವು. ಸಂಜೆ ಮನೆಗೆ ಹೋಗುವಾಗ ತಲೆಯಲ್ಲಿ ವಿದ್ಯೆ ಇರುತ್ತಿತ್ತೋ ಇಲ್ಲವೋ, ಗೋಧಿ ಹಿಟ್ಟಂತೂ ಇರುತ್ತಿತ್ತು. ಅಲ್ಲಿ ಕನ್ನಡದ ಏಳನೆಯ ಇಯತ್ತೆಗೆ, ಎಂದರೆ ಏಳನೆಯ ಕ್ಲಾಸಿಗೆ, ವಾಮನರಾವ್ ಮಾಸ್ತರರೇ ಗಣಿತ, ಭೂಗೋಳ, ಹಾಡು, ಡ್ರಿಲ್ಲು ಎಲ್ಲ. ಹುಡುಗರೆಲ್ಲ ನಮ್ಮ ಕಡೆಯವರು, ಉಡುಪಿ, ಕುಂದಾಪುರದ ಹೋಟೆಲ್ ಮಕ್ಕಳು. ಮಾಸ್ತರರು ಧಾರವಾಡದವರು. ನಮ್ಮ "ಎಂತ"ಕ್ಕೂ ಅವರ "ಯಾಕ"ಕ್ಕೂ ಮೊದಮೊದಲು ಹೊಂದಿಕೆಯಾಗದಿದ್ದರೂ ಅವರನ್ನು ಪ್ರೀತಿಸದ ಒಂದು ಮಗು ಆ ಗಿರಣಿಯ ಮೇಲೆ ಇರಲಿಲ್ಲ. ಹೊಡೆಯುತ್ತಿರಲಿಲ್ಲ, ಅದೊಂದು. ಇನ್ನೊಂದು, ಯಾರಿಗಾದರೂ ಜ್ವರ ಬಂದರೆ ಸಂಜೆ ಮನೆಗೆ ಬಂದು ಹಣೆ ಮುಟ್ಟಿ ನೋಡಿ ಹೋಗುತ್ತಿದ್ದರು.

ಆಮೇಲೆ ಗೊತ್ತಾಯಿತು, ಆ ಹಣೆ ಮುಟ್ಟುವುದರಲ್ಲಿ ಒಂದು ಲೆಕ್ಕವೂ ಇತ್ತು ಅಂತ. ಇಯತ್ತೆಯಲ್ಲಿ ಇಪ್ಪತ್ತು ಮಕ್ಕಳಿರಬೇಕು. ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನ ಒಂದು ತಲೆ ಕಡಿಮೆ ಬಿದ್ದರೆ ಇಯತ್ತೆ ಬಂದ್, ಮಾಸ್ತರರಿಗೆ ಊರಿನ ಇನ್ನೊಂದು ತುದಿಗೆ ವರ್ಗ. ಅಲ್ಲಿಗೆ ಹೋಗಬೇಕಾದರೆ ನಲ್ಲಿಯಲ್ಲಿ ನೀರು ಬರುವ ಮೊದಲೇ ಗಾಡಿ ಹಿಡಿಯಬೇಕು. ಆಗ ಹದಿನಾಲ್ಕು ಕೊಡ ಹೊರುವವರು ಯಾರು? ಆ ಸಿಳ್ಳು ಹಾಕುವ ಎದೆಯವರೇ?

ಆದ್ದರಿಂದ ಜೂನ್ ಬಂತೆಂದರೆ ಮಾಸ್ತರರು ಕೊಡೆ ಹಿಡಿದು ಮಕ್ಕಳನ್ನು ಹುಡುಕುತ್ತ ಚಾಳು ಚಾಳು ಅಲೆಯುತ್ತಿದ್ದರು. ಕನ್ನಡಕ್ಕಾಗಿ ಪ್ರಾಣ ಬಿಡುವವರಿಗೆ ಮುಂಬಯಿಯಲ್ಲಿ ಆಗಲೂ ಬರ ಇರಲಿಲ್ಲ. ಸಂಘದ ಸಭೆಗಳಲ್ಲಿ ಶಾಲು ಹೊದ್ದು, ಕನ್ನಡಮ್ಮನನ್ನು ನೆನೆದು ಕಣ್ಣೊರೆಸಿಕೊಳ್ಳುವ ದೊಡ್ಡವರು ಬೇಕಾದಷ್ಟಿದ್ದರು. ಅವರ ಮಕ್ಕಳು ಮಾತ್ರ ಟೈ ಕಟ್ಟಿಕೊಂಡು ಕಾನ್ವೆಂಟಿಗೆ ಹೋಗುತ್ತಿದ್ದರು. ಭಾಷೆಗೆ ಪ್ರಾಣ ಕೊಡಬಹುದು, ಮಕ್ಕಳನ್ನು ಕೊಡುವುದು ಹೇಗೆ?

ನಮ್ಮಪ್ಪನಿಗೂ ಆ ವರ್ಷ ಕಾನ್ವೆಂಟಿನ ಹುಚ್ಚು ಹಿಡಿದಿತ್ತು. ಹೋಟೆಲಿಗೆ ಬರುವ ಬ್ಯಾಂಕಿನವರು ಹಚ್ಚಿದ್ದು. ಫಾರ್ಮು ತಂದಾಗಿತ್ತು. ನಾನು ಕಾಲುಚೀಲದ ಕನಸು ಕಾಣುತ್ತಿದ್ದೆ. ನಿಜ ಹೇಳುತ್ತೇನೆ, ವಿದ್ಯೆಯ ಆಸೆ ಅಲ್ಲ, ಮೊಣಕಾಲಿನವರೆಗೆ ಬರುವ ಬಿಳೀ ಕಾಲುಚೀಲದ ಆಸೆ. ಅಷ್ಟರಲ್ಲಿ ಮಾಸ್ತರರು ಬಂದರು.

"ಅಲ್ರೀ ರಾಯರ, ತಾಯಿ ಮನ್ಯಾಗ ಇದ್ದಾಗ ಕೂಸಿಗೆ ಡಬ್ಬಿ ಹಾಲು ಯಾಕ್ರೀ?" ಎಂದರು.

ಅಪ್ಪ ಅದಕ್ಕೊಂದು ಇದಕ್ಕೊಂದು ಹೇಳಿ ನೋಡಿದರು. ಮಾಸ್ತರರು ಬಿಡಲಿಲ್ಲ. ಒಂದು ಗಂಟೆ ಮಾತಾಡಿದರು. ಮನೆಯಲ್ಲಿ ಆಡುವ ಮಾತಿನಲ್ಲೇ ಲೆಕ್ಕ ಕಲಿತ ಮಗುವಿನ ಬುದ್ಧಿ ಹೇಗೆ ಚುರುಕಾಗುತ್ತದೆ, ಬೇರೆ ಮಾತಿನಲ್ಲಿ ಕಲಿತದ್ದು ಹೇಗೆ ಗಿಳಿಪಾಠವಾಗುತ್ತದೆ, ಎಲ್ಲ ಹೇಳಿದರು. ಕೊನೆಗೆ ಅಪ್ಪನ ಕಣ್ಣಲ್ಲಿ ನೀರು! ಗಲ್ಲೆಯ ಮೇಲೆ ಕೂತು ಎಂಥೆಂಥ ಗಿರಾಕಿಯನ್ನು ಕಂಡ ಮನುಷ್ಯ, ಮಾಸ್ತರರ ಮುಂದೆ ಬೆಣ್ಣೆಯಾಗಿ ಕರಗಿಹೋದರು. ಫಾರ್ಮನ್ನು ಮಡಿಚಿ ಮಂಚದ ಕಾಲಿನ ಕೆಳಗೆ ಇಟ್ಟರು, ಮಂಚ ಅಲುಗುತ್ತಿತ್ತು. ನನ್ನ ಕಾಲುಚೀಲ ಅಲ್ಲಿಗೆ ಮುಗಿಯಿತು. ನಾನು ಏಳನೆಯ ಇಯತ್ತೆಯ ಇಪ್ಪತ್ತನೆಯವಳಾದೆ.

ಮಾಸ್ತರರ ಹಿರಿಯ ಮಗಳು ಸುಧಾ ನನ್ನದೇ ವಯಸ್ಸಿನವಳು. ಅವಳು ನಮ್ಮ ಶಾಲೆಯಲ್ಲಿರಲಿಲ್ಲ. ವಾರವೆಲ್ಲ ಘಾಟ್ಕೋಪರದ ಸೋದರಮಾವನ ಮನೆಯಲ್ಲಿದ್ದು, ಶನಿವಾರ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದಳು. "ಮಾವಗ ಮಕ್ಕಳಿಲ್ಲ, ಆಕೀನ್ನ ಬಿಡವಲ್ಲ. ಅಲ್ಲೇ ಸಾಲಿಗೆ ಹೋಗ್ತಾಳ" ಎನ್ನುತ್ತಿದ್ದರು ಮಾಸ್ತರರು. ಅಲ್ಲಿಯೂ ಕನ್ನಡ ಶಾಲೆ ಇದೆಯೆಂದು ನಾವು ನಂಬಿದ್ದೆವು. ಮಾಸ್ತರರು ಹಾಗೆ ಹೇಳಿರಲಿಲ್ಲ, ಅದು ಅವರ ಜಾಣತನ, ನಾವೇ ಅಂದುಕೊಂಡೆವು.

ನಾಗರಪಂಚಮಿಗೆ ನಮ್ಮ ಶಾಲೆಗೆ ರಜೆ. ಕಾನ್ವೆಂಟಿನವರಿಗೆ ನಾಗಪ್ಪನ ಹಂಗಿಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಘಾಟ್ಕೋಪರದ ಚಿಕ್ಕಮ್ಮನ ಮನೆಗೆ ಹೊರಟಳು. ಕುರ್ಲಾದಲ್ಲಿ ಗಾಡಿ ಬದಲಿಸಿ, ಅರಶಿನ ಎಲೆಯ ಕಟ್ಟು ಎದೆಗೆ ಅವಚಿಕೊಂಡು ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಇಳಿದರೆ, ಪ್ಲಾಟ್‌ಫಾರ್ಮಿನ ಬೆಂಚಿನ ಹತ್ತಿರ ಒಂದು ಕರೀ ಟೊಪ್ಪಿಗೆ. ನಮ್ಮ ಮಾಸ್ತರರು ಮಂಡಿಯೂರಿ ಕೂತಿದ್ದಾರೆ. ಬೆಂಚಿನ ಮೇಲೆ ಸುಧಾ. ನೀಲಿ ನೆರಿಗೆ ಲಂಗ, ಬಿಳೀ ಷರ್ಟು, ಟೈ, ಮತ್ತು, ಅಯ್ಯೋ ಶಿವನೇ, ಮೊಣಕಾಲಿನವರೆಗೆ ಬಿಳೀ ಕಾಲುಚೀಲ! ಮಾಸ್ತರರು ಅವಳ ಬೂಟಿನ ದಾರ ಕಟ್ಟುತ್ತ ಇಂಗ್ಲಿಷ್ ಕಾಗುಣಿತ ಒಪ್ಪಿಸಿಕೊಳ್ಳುತ್ತಿದ್ದರು. "ಎಲಿಫಂಟ್" ಎನ್ನುತ್ತಿದ್ದರು. ಅವಳು ಒಂದೊಂದೇ ಅಕ್ಷರ ಹೇಳುತ್ತಿದ್ದಳು.

ಮಾಸ್ತರರು ತಲೆ ಎತ್ತಿದರು. ನನ್ನನ್ನು ನೋಡಿದರು. ಕೈಯಲ್ಲಿದ್ದ ದಾರ ಹಾಗೇ ನಿಂತಿತು.

ಅಮ್ಮನೂ ನೋಡಿದಳು. ಅವಳ ಪಾಲಿಗೆ ಮಾಸ್ತರರೆಂದರೆ ದೇವರಿಗಿಂತ ಅರ್ಧ ಮೆಟ್ಟಿಲು ಕೆಳಗೆ. ನನ್ನ ರಟ್ಟೆ ಹಿಡಿದು ಮುಖವನ್ನೇ ಬೇರೆ ಕಡೆ ತಿರುಗಿಸಿ, "ಎಂತ ಕಣ್ಣು ಬಿಟ್ಟು ನೋಡ್ತಿ? ಸುಮ್ಮನೆ ನಡಿ. ಅಪ್ಪನ ಹತ್ರ ಬಾಯಿ ಬಿಟ್ಟರೆ ನೋಡು ಮತ್ತೆ" ಎಂದಳು. ಚಿಕ್ಕಮ್ಮನ ಮನೆಯಲ್ಲಿ ನಾನು ಅರಶಿನ ಎಲೆಯ ಕಡುಬು ಮುಟ್ಟಲಿಲ್ಲ. ನಮಗೆ ತಾಯಿ ಹಾಲು, ತಮ್ಮ ಮಗಳಿಗೆ ಡಬ್ಬಿ ಹಾಲು! ನನ್ನ ಕಾಲುಚೀಲವನ್ನು ಕಿತ್ತು ತಮ್ಮ ಮಗಳಿಗೆ ಹಾಕಿದ್ದಾರೆ ಎಂದೇ ನನಗೆ ಅನಿಸಿತು.

ಮರುದಿನದಿಂದ ನಾನು ಮಾಸ್ತರರ ಮೇಲೆ ರಾಜ್ಯಭಾರ ಶುರುಮಾಡಿದೆ. ಹನ್ನೆರಡು ವರ್ಷದ ಹುಡುಗಿಗೆ ಒಂದು ಗುಟ್ಟು ಸಿಕ್ಕರೆ ಕೋತಿಗೆ ಹೆಂಡ ಕುಡಿಸಿದ ಹಾಗೆಯೇ. ಲೆಕ್ಕ ಮಾಡಿ ತರಲಿಲ್ಲ. "ಯಾಕ ತಂದಿಲ್ಲವಾ?" ಎಂದು ಕೇಳಿದರೆ ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ಮುಂದಿನ ಬೆಂಚಿಗೆ ಹೋದರು. ಬೋರ್ಡು ಒರೆಸುವ ಅಧಿಕಾರ ಬೇಕೆಂದೆ, ಸಿಕ್ಕಿತು. ಕಿಟಕಿಯ ಹತ್ತಿರದ ಜಾಗ ಬೇಕೆಂದೆ, ಅದೂ ಸಿಕ್ಕಿತು. ಮಾನಿಟರ್ ಆದೆ. ಒಂದು ದಿನ ಭೂಗೋಳದ ಪಾಠದಲ್ಲಿ ಆನೆ ಬಂತು. ನಾನು ಗಟ್ಟಿಯಾಗಿ "ಎಲಿಫಂಟ್" ಎಂದೆ. ಮಕ್ಕಳು ನಕ್ಕರು. ಮಾಸ್ತರರು ಸುಣ್ಣದ ಕಡ್ಡಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮತ್ತೆ ಕಡ್ಡಿ ಎತ್ತಿಕೊಂಡರು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ, ಸೊಗಸಾಗಿತ್ತು.

ಇಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಶನಿವಾರ ಬೆಳಿಗ್ಗೆ ಬರುತ್ತಾರೆಂದು ಸುದ್ದಿ ಬಂತು. ಗುರುವಾರ ನಮ್ಮ ಇಯತ್ತೆಯ ಗುಲಾಬಿಗೆ ಗೋವರ, ಅಂದರೆ ದಡಾರ, ಎದ್ದಿತು. ಗುಲಾಬಿಯ ಅಪ್ಪ ಒಂದು ಹೋಟೆಲಿನಲ್ಲಿ ದೋಸೆಯ ಭಟ್ಟರು. ಮಾಸ್ತರರು ಹೋಗಿ ಹಣೆ ಮುಟ್ಟಿ ನೋಡಿದರು. ಮೈ ಕೆಂಡ, ಮುಖವೆಲ್ಲ ಕೆಂಪು. ಹೊತ್ತುಕೊಂಡು ಬರುವ ಹಾಗೂ ಇಲ್ಲ. ಹತ್ತೊಂಬತ್ತಕ್ಕೆ ಬಂದು ನಿಂತಿತು.

ಶನಿವಾರ ಬೆಳಿಗ್ಗೆ ಮಾಸ್ತರರು ಸುಧಾಳ ಕೈ ಹಿಡಿದುಕೊಂಡು ಇಯತ್ತೆಯೊಳಗೆ ಬಂದರು. ಕಾನ್ವೆಂಟಿಗೆ ಶನಿವಾರ ರಜೆ. ಕಾಲುಚೀಲ ಇಲ್ಲ, ನಮ್ಮಂಥದೇ ಚೀಟಿ ಬಟ್ಟೆಯ ಲಂಗ, ಎರಡು ಜಡೆ.

"ಇವತ್ತೊಂದು ದಿನ ಸುಧಾನ ಗುಲಾಬಿ. ತಿಳೀತಿಲ್ಲೋ?" ಎಂದರು.

ಮಕ್ಕಳಿಗೆ ಆನಂದವೋ ಆನಂದ. ಮಾಸ್ತರರ ಮಗಳಲ್ಲವೇ, ಕನ್ನಡವನ್ನು ಅರೆದು ಕುಡಿದಿರಬೇಕು ಎಂದುಕೊಂಡರು. ನಾನೊಬ್ಬಳು ಮಾತ್ರ ತುಟಿ ಕಚ್ಚಿ ಕೂತೆ. ಮಾಸ್ತರರು ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿದರು. ಬೇರೆಲ್ಲಿ ಕೂರಿಸುತ್ತಾರೆ? ಗೊತ್ತಿರುವವಳು ನಾನೊಬ್ಬಳೇ.

ಸಾಹೇಬರು ಬಂದರು. ಹಾಜರಿ ಕೂಗಿಸಿದರು. ಒಂದೊಂದು ತಲೆಯ ಮೇಲೂ ಬೆರಳು ತೋರಿಸಿ ಎಣಿಸಿದರು. ಇಪ್ಪತ್ತು. ಮಾಸ್ತರರು ಉಸಿರು ಬಿಡುವಷ್ಟರಲ್ಲಿ ಸಾಹೇಬರ ಬೆರಳು ಪಟ್ಟಿಯ ಮೇಲೆ ಓಡಾಡಿ ಒಂದು ಕಡೆ ನಿಂತಿತು. "ಗುಲಾಬಿ ಯಾರು? ರೇಷ್ಮೆ ಹುಳುವಿನ ಪಾಠ ಓದು" ಎಂದರು.

ಸುಧಾ ಎದ್ದಳು. ನಾನು ಪುಸ್ತಕ ತೆಗೆದುಕೊಟ್ಟೆ. ಪುಟ ನೋಡಿದಳು, ಕೆಳಗೆ ನೋಡಿದಳು. ಕನ್ನಡ ಮಾಸ್ತರರ ಮಗಳಿಗೆ ಕನ್ನಡ ಓದಲಿಕ್ಕೆ ಬರುತ್ತಿರಲಿಲ್ಲ. ಬೆಂಚಿನ ಕೆಳಗೆ ಅವಳ ಕೈ ನನ್ನ ಲಂಗದ ಅಂಚನ್ನು ಹಿಡಿದುಕೊಂಡಿತು. ಬೋರ್ಡಿನ ಹತ್ತಿರ ಮಾಸ್ತರರು ನಿಂತಿದ್ದರು. ಅವರು ನನ್ನನ್ನು ನೋಡಲೇ ಇಲ್ಲ. ಕಿಟಕಿಯ ಆಚೆ ಎಲ್ಲಿಗೋ ನೋಡುತ್ತಿದ್ದರು. ಅಷ್ಟು ದಿನ ನಾನು ಕಾದದ್ದು ಇದೇ ಗಳಿಗೆಗೆ. ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು. ಆದರೆ ಆ ಟೊಪ್ಪಿಗೆಯ ಕೆಳಗಿನ ಮುಖ ನೋಡಿ ನನಗೆ ಅಳುವೇ ಬಂದುಬಿಟ್ಟಿತು. ನಮ್ಮ ಮಾಸ್ತರರನ್ನು ಬೈಯುವ ಹಕ್ಕು ನನಗಿದೆ, ಈ ಸಾಹೇಬನಿಗೆ ಯಾವನು ಕೊಟ್ಟ?

ಗಿರಣಿಯವನ ಪುಣ್ಯ, ಆಗಲೇ ಕೆಳಗೆ ಗಡಗಡ ಶುರುವಾಯಿತು. ನಾನು ತಲೆ ತಗ್ಗಿಸಿ ಒಂದೊಂದೇ ಶಬ್ದ ಪಿಸುಗುಟ್ಟಿದೆ. ಸುಧಾ ಒಂದೊಂದೇ ಶಬ್ದ ಗಟ್ಟಿಯಾಗಿ ಹೇಳಿದಳು. ರೇಷ್ಮೆ ಹುಳು ಆವತ್ತು ಎಲೆ ತಿಂದು ಗೂಡು ಕಟ್ಟುವಷ್ಟರಲ್ಲಿ ನಮ್ಮಿಬ್ಬರಿಗೂ ಬೆವರು.

"ಹುಡುಗಿ ತಡವರಿಸ್ತಾಳೆ" ಎಂದರು ಸಾಹೇಬರು. "ಇರಲಿ. ನಿನ್ನ ಅಪ್ಪ ಏನು ಮಾಡ್ತಾರಮ್ಮ?"

ಸುಧಾ ತಟ್ಟನೆ ಮಾಸ್ತರರ ಕಡೆ ನೋಡಿದಳು. "ದೋಸೆ, ದೋಸೆ" ಎಂದು ನಾನು ಚಿವುಟಿದೆ.

"ದೋಸಿ ಹಾಕ್ತಾರ್ರೀ" ಎಂದಳು.

ಮಾಸ್ತರರು ಕೆಮ್ಮಿದರು. ಸಾಹೇಬರು ಮಾತ್ರ ಬಹಳ ಮೆಚ್ಚಿಕೊಂಡರು. ಉಡುಪಿ ಕಡೆಯ ಅಡಿಗೆಯವರ ಮಗಳ ಬಾಯಲ್ಲಿ ಧಾರವಾಡದ ಮಾತು! ಗುರುವಿನ ಪ್ರಭಾವ ಶಿಷ್ಯರ ನಾಲಗೆಯ ಮೇಲೆಯೇ ಕಾಣುತ್ತದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಹೋಗುವಾಗ, "ದೀಪಾವಳಿ ಆದ ಮೇಲೆ ಮತ್ತೆ ಬರ್ತೇನೆ ಮಾಸ್ತರ್. ಇಪ್ಪತ್ತು ಅಂದರೆ ಅಂಚಿನ ಮೇಲಿದ್ದೀರಿ. ಒಂದು ಕಡಿಮೆಯಾದರೂ ಇಯತ್ತೆ ಉಳಿಯೋದಿಲ್ಲ" ಎಂದು ಹೇಳಿಹೋದರು.

ಮರುದಿನ ಭಾನುವಾರ. ಫೋರ್ಟಿನ ಆಫೀಸುಗಳಿಗೆ ರಜೆ, ಆದ್ದರಿಂದ ಅಪ್ಪನ ಹೋಟೆಲಿಗೂ ರಜೆ. ಮಧ್ಯಾಹ್ನ ಊಟವಾಗಿ ಅಪ್ಪ ಎಲೆ ಅಡಿಕೆ ಹಾಕುತ್ತಿದ್ದಾಗ ಮಾಸ್ತರರು ಬಂದರು. ಅಮ್ಮ ಒಳಗೆ ಚಹಕ್ಕೆ ಇಡಲು ಹೊರಟರೆ "ಛಾ ಬ್ಯಾಡ್ರಿ ವೈನಿ" ಎಂದರು. ಕೂರಲೂ ಇಲ್ಲ.

"ರಾಯರ, ನಿಮ್ಮ ಮಗಳನ್ನ ಇಂಗ್ಲಿಷ್ ಸಾಲಿಗೆ ಕಳಸ್ರಿ. ದೀಪಾವಳಿ ಆದಮ್ಯಾಲೆ ಒಂದು ಜಾಗಾ ಖಾಲಿ ಆಗ್ತೈತಂತ. ನಾನ ಬಂದು ಮಾತಾಡ್ತೀನಿ" ಎಂದರು.

ಅಪ್ಪನಿಗೆ ಎಲೆ ಗಂಟಲಲ್ಲಿ ಸಿಕ್ಕಿಕೊಂಡಿತು. "ಎಂತ ಮಾಸ್ಟ್ರೇ? ನೀವೇ ಬೇಡ ಹೇಳಿದ್ದಲ್ಲವಾ?"

"ಹೇಳಿದ್ದೆ. ತಪ್ಪಾತು. ನನ್ನ ಮಗಳು ಇಂಗ್ಲಿಷ್ ಸಾಲಿಗೇ ಹೋಗ್ತಾಳ್ರಿ. ಒಂದನೇ ಇಯತ್ತೆದಿಂದನ."

ಅಪ್ಪ ಮಾಸ್ತರರನ್ನು ಒಂದು ಕ್ಷಣ ನೋಡಿದರು. ಆಮೇಲೆ ನಿಧಾನಕ್ಕೆ ಮುಖವೆಲ್ಲ ನಗು ಹರಡಿತು, ಹೋಟೆಲಿನಲ್ಲಿ ಮಾತ್ರ ಸಿಗುವ ನಗು. "ನನಗೆ ಗೊತ್ತಾಗುದಿಲ್ವಾ ಮಾಸ್ಟ್ರೇ? ನೀವು ನನ್ನನ್ನು ಪರೀಕ್ಷೆ ಮಾಡುದು! ಇವನು ಗಟ್ಟಿ ಇದ್ದಾನಾ, ಮತ್ತೆ ಜಾರಿದನಾ ಅಂತ ನೋಡ್ಲಿಕ್ಕೆ ಬಂದದ್ದಲ್ಲವಾ? ನಾನು ಜಾರುವ ಜನ ಅಲ್ಲ. ಕೊಟ್ಟ ಮಾತು ಕೊಟ್ಟದ್ದೇ."

"ಪರೀಕ್ಷಾ ಅಲ್ರೀ, ಖರೇನ ಹೇಳ್ಲಿಕತ್ತೀನಿ."

"ಛೆ ಛೆ, ನೀವು ಮಗಳನ್ನು ಇಂಗ್ಲಿಷಿಗೆ ಹಾಕುದುಂಟಾ! ಯಾರಾದರೂ ನಂಬಿಯಾರಾ?"

ಪಾಪ, ಬೇರೆಯವರನ್ನು ನಂಬಿಸುವುದರಲ್ಲಿ ಮಾಸ್ತರರನ್ನು ಮೀರಿಸುವವರಿರಲಿಲ್ಲ. ನಂಬಿದವರ ನಂಬಿಕೆ ಬಿಡಿಸುವುದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು. "ನೀ ಹೇಳವಾ ವಾರಿಜಾ. ಪಂಚಮಿ ದಿನ ಘಾಟ್ಕೋಪರದಾಗ ನೀ ನೋಡೀದಿಯಲ್ಲ, ಸುಧಾ ಯಾವ ಸಾಲಿ ಅರಿವಿ ಹಾಕ್ಕೊಂಡಿದ್ಲು ಹೇಳು ನಿಮ್ಮಪ್ಪಗ."

ಅಪ್ಪ ನನ್ನನ್ನು ನೋಡಿದರು. ಬೇಡವೆಂದರೂ ಕೇಳದೆ ಒಳಗೆ ಸ್ಟವ್ವಿಗೆ ಗಾಳಿ ಹಾಕುತ್ತಿದ್ದ ಅಮ್ಮನ ಕೈ ನಿಂತಿತು. ನನಗೆ ಆ ಹೊತ್ತಿಗೆ ಎಷ್ಟು ಆಸೆ ಇತ್ತೆಂದರೆ, ಒಂದು "ಹೌದು" ಎಂದರೆ ಸಾಕು, ಟೈ, ನೀಲಿ ಲಂಗ, ಬೂಟು ಎಲ್ಲ ನನ್ನವೇ. ಅಪ್ಪ ಎರಡು ದಿನ ಮಾಸ್ತರರನ್ನು ಬೈದು ಮೂರನೆಯ ದಿನ ಫಾರ್ಮು ತುಂಬುತ್ತಿದ್ದರು. ನಾಲಗೆಯ ತುದಿಗೆ ಬಂದಿತ್ತು.

"ಇಲ್ಲ ಅಪ್ಪ. ನಾನು ಸುಧಾಳನ್ನು ನೋಡಲೇ ಇಲ್ಲ" ಎಂದೆ.

ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಮಾಸ್ತರರು ಕೈ ಮುಗಿದು ಹೊರಗೆ ಹೊರಟರು. ಕಳಿಸಿಬರಲು ನಾನು ಮೆಟ್ಟಿಲಿನವರೆಗೆ ಹೋದೆ. ಅವರು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ನಿಂತರು.

"ನಾ ನಿನಗ ಅನ್ಯಾಯ ಮಾಡೀನಿ. ಸರಿ ಮಾಡ್ಬೇಕಂತನ ಬಂದಿದ್ದೆ. ಸುಳ್ಳ ಯಾಕ ಹೇಳಿದೆವಾ?"

ನನಗೆ ಅವರ ಮೇಲೆ ಇನ್ನೂ ಸಿಟ್ಟಿತ್ತು. ಅದಕ್ಕೆ ಸ್ವಲ್ಪ ಜೋರಾಗಿಯೇ ಹೇಳಿದೆ. "ನಾನು ಹೋದರೆ ಹತ್ತೊಂಬತ್ತು ಆಗುದಿಲ್ವಾ ಮಾಸ್ಟ್ರೇ? ಮತ್ತೆ ನಮಗೆ ನೀವು ಎಲ್ಲಿ ಸಿಗ್ತೀರಿ?"

ಮಾಸ್ತರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬರಿದಲೆಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು. ನಮ್ಮ ಮನೆಯೊಳಗಿನಿಂದ ಅಪ್ಪನ ದನಿ ಇಡೀ ಮಾಳಿಗೆಗೆ ಕೇಳುತ್ತಿತ್ತು. "ಎಂಥ ಮನುಷ್ಯ ನೋಡು ಮಾರಾಯ್ತಿ! ನಮ್ಮನ್ನು ಪರೀಕ್ಷೆ ಮಾಡ್ಲಿಕ್ಕೆ ತನ್ನ ಸ್ವಂತ ಮಗಳ ಮೇಲೆಯೇ ಸುಳ್ಳು ಅಪವಾದ ಹೊರಿಸಿದ್ರು! ಇಂಥ ಮಾಸ್ಟ್ರು ಇನ್ನೊಬ್ಬರು ಹುಟ್ಟುದಿಲ್ಲ."